ಬಲಕ್ಕೇ ತಿರುಗುವ ಕಾರು

ಭಾನುವಾರ, ಮಧ್ಯಾಹ್ನ
ಶೆಡ್ಡಿನ ಹಿಂದಿನ ಮನೆ

ನನ್ನ ಮೇಸ್ತ್ರಿಗಳಿಗೆ,

ನಾನು ಕ್ಷೇಮ. ನೀವೂ ಹಾಗೇ ಇದ್ದೀರೆಂದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಕಾಗದದಲ್ಲಿ ನಿಮ್ಮ ಸುದ್ದಿಯೇ ಇರಲಿಲ್ಲ. ಪ್ಯಾಕರ್ಡ್ ಕಾರಿನ ಆರೋಗ್ಯ ವಿಚಾರಿಸಿ ಎರಡು ಪುಟ ಬರೆದಿದ್ದೀರಿ. ಕೊನೆಗೆ ಅಂಚಿನಲ್ಲಿ ಜಾಗ ಉಳಿದಿತ್ತೆಂದೋ ಏನೋ, 'ನೀನು ಹೇಗಿದ್ದೀಯ' ಅಂತ ಒಂದು ಸಾಲು. ಇರಲಿ. ಮೊದಲು ನನ್ನ ಸವತಿಯ ಸುದ್ದಿಯನ್ನೇ ಹೇಳಿ ಮುಗಿಸುತ್ತೇನೆ.

ಎಂಜಿನ್ ಚೆನ್ನಾಗಿದೆ. ಎಂಟು ಸಿಲಿಂಡರೂ ಒಂದೇ ಉಸಿರಿನಲ್ಲಿ ಓಡುತ್ತವೆ, ಬಾನೆಟ್ ಮೇಲೆ ನೀರಿನ ಲೋಟ ಇಟ್ಟರೂ ತುಳುಕುವುದಿಲ್ಲ. ಗೋಳೆಲ್ಲ ಕಿಟಕಿಗಳದ್ದು. ಗಾಜನ್ನು ಮೇಲಕ್ಕೆ ಒತ್ತುವ ಎಣ್ಣೆ ಹಿಂದಿನ ಎಡಬಾಗಿಲಿನಲ್ಲಿ ಮತ್ತೆ ಜಿನುಗುತ್ತಿತ್ತು. ಗಾಜು ಕೂರಿಸಿ ಅತ್ತ ತಿರುಗುವಷ್ಟರಲ್ಲಿ ತೂಕಡಿಸುವ ರೆಪ್ಪೆಯ ಹಾಗೆ ಕೆಳಗಿಳಿಯುವುದು. ಆ ಎಣ್ಣೆ ಬಣ್ಣಕ್ಕೆ ತಾಗಿದರೆ ಬಣ್ಣವನ್ನೇ ತಿಂದುಹಾಕುತ್ತದೆ ಎಂದು ನೀವು ಹೆದರಿಸಿದ್ದಿರಲ್ಲ, ಅದಕ್ಕೇ ಕೆಳಗೆ ಹಳೆಯ ಟವೆಲ್ ಒತ್ತಿ, ಒಳಗಿನ ಹಲಗೆ ಬಿಚ್ಚಿ, ರಬ್ಬರ್ ವಾಷರ್ ಬದಲಿಸಿದೆ, ನಿಮಗೆ ಟಾರ್ಚ್ ಹಿಡಿದು ಹಿಡಿದೇ ಕಲಿತ ಕೆಲಸ. ನಿಮ್ಮ ಕೈ ಹೋಗದ ಕಡೆ ನನ್ನದು ಹೋಗುತ್ತದೆ. ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದು ಇದಕ್ಕೇ ಇರಬೇಕು.

ನೀವು ಹೊರಟ ದಿನವನ್ನು ನಾನು ಬೇಡವೆಂದರೂ ನೆನೆಯುತ್ತೇನೆ. ಮದುವೆ ಬಾಡಿಗೆಗೆ ಬಿಡೋಣ, ಬಿಳಿ ಬಣ್ಣ ಹೊಡೀರಿ ಎಂದರು ಬಂಗಲೆಯ ಅಮ್ಮಾವ್ರ ಅಳಿಯ. "ಹಾಗಾದ್ರೆ ನಿಮ್ಮ ಮೀಸೆಗೂ ಒಂದು ಕೋಟ್ ಹೊಡೀಲಾ?" ಎಂದಿರಿ ನೀವು. ಅಲ್ಲಿಗೆ ಕೆಲಸ ಹೋಯಿತು. ಗೇಟಿನವರೆಗೆ ಹೋದವರು ವಾಪಸು ಬಂದಿರಿ. ನನ್ನನ್ನು ಕರೆದುಕೊಂಡು ಹೋಗಲು ಎಂದುಕೊಂಡು ನಾನು ಚಪ್ಪಲಿ ಮೆಟ್ಟಿದ್ದೆ. "ಗಾಡಿ ಹಾಳಾಗ್ಬಾರ್ದು ಕಣೇ, ನೀನಿರು. ಮನೆ ಸಿಕ್ಕಿದ ತಕ್ಷಣ ಕರೆಸ್ಕೋತೀನಿ" ಎಂದಿರಿ. ಅಳಿಯಂದಿರಿಗೂ ಅದು ಅನುಕೂಲವೇ ಆಯಿತು.

ಆ ಊರಿನ ವರ್ಕ್‌ಶಾಪಿನಲ್ಲಿ ನಿಮಗೆ ಕೆಲಸವೂ, ಇರಲು ಮನೆಯೂ ಯಾವಾಗಲೋ ಸಿಕ್ಕಿದವು. ಕರೆ ಮಾತ್ರ ಬರಲಿಲ್ಲ. ಗಾಡಿ ಮಾರುತ್ತಾರಂತಲ್ಲ, ಒಳ್ಳೆಯವರ ಕೈ ಸೇರಲಿ, ಆಮೇಲೆ ಬಾ ಎಂದು ಬರೆದಿರಿ. ಅದೇ ಕಾಗದದಲ್ಲಿ, ನಿಮ್ಮ ಬೀದಿಯ ಕೊನೆಗೆ ಒಂದು ಕಾಲೇಜಿದೆ, ಬೆಳಿಗ್ಗೆ ಹೆಣ್ಣುಮಕ್ಕಳ ಗದ್ದಲದಲ್ಲಿ ಎಂಜಿನ್ನಿನ ಸದ್ದು ಸರಿಯಾಗಿ ಕೇಳುವುದಿಲ್ಲ ಎಂದು ದೂರಿದ್ದಿರಿ. ನಾನು ಮತ್ತೆ ಮತ್ತೆ ಓದಿದ್ದು ಆ ಸಾಲನ್ನು. ನಿಮ್ಮ ಕೆಲಸಕ್ಕೆಂದು ಈ ಬಂಗಲೆಗೆ ಬರುವಾಗ ನಾನು ಬಿಟ್ಟುಬಂದದ್ದು ಅಂಥದ್ದೇ ಒಂದು ಗದ್ದಲವನ್ನು, ನನ್ನ ಪಾಠದ ಕೆಲಸವನ್ನು. ನಿಮಗೆ ಅದು ನೆನಪಿದೆಯೋ ಇಲ್ಲವೋ.

ಇಲ್ಲಿಯ ಭಾನುವಾರಗಳು ನಿಮಗೆ ಗೊತ್ತಲ್ಲ. ಅಮ್ಮಾವ್ರ ಯಜಮಾನರು ತೀರಿಕೊಂಡ ಮೇಲೆ ಕಾರು ಗೇಟು ದಾಟಬಾರದು, ಆದರೆ ನಿಲ್ಲಲೂಬಾರದು. ಟೈರು ಚಪ್ಪಟೆಯಾಗದಿರಲೆಂದು ವಾರವೆಲ್ಲ ಜ್ಯಾಕಿನ ಮೇಲೆ ನಿಲ್ಲಿಸಿ, ಭಾನುವಾರ ಇಳಿಸಿ, ಅಮ್ಮಾವ್ರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಂಗಲೆ ಸುತ್ತುವುದು. ಬಿಸಿಲಿಗೆ ನಿಮ್ಮ ಹಳೆಯ ಟೋಪಿ ಹಾಕಿಕೊಂಡೆ, ಅವತ್ತಿನಿಂದ ಅವರ ಪಾಲಿಗೆ ನಾನು ಡ್ರೈವರಪ್ಪ. "ನಿಧಾನ ಕಣಪ್ಪಾ, ಇವತ್ತು ರಸ್ತೆಯಲ್ಲಿ ಯಾರೂ ಇಲ್ಲ ಅಂತ ಓಡಿಸ್ಬೇಡ" ಎನ್ನುತ್ತಾರೆ, ಬಟ್ಟೆ ಒಣಗಿಸುವ ಹಗ್ಗದ ಪಕ್ಕ ಹೋಗುವಾಗ. ಶೆಡ್ಡಿನ ಎಡಕ್ಕೆ ನೀರಿನ ತೊಟ್ಟಿ ಅಡ್ಡವಾಗಿರುವುದರಿಂದ ಸುತ್ತು ಯಾವಾಗಲೂ ಬಲಕ್ಕೇ.

ಗುರುವಾರ ಗಿರಾಕಿ ಬಂದರು. ಮೆಲುದನಿಯ ಮನುಷ್ಯ, ಹಳೆಯ ಕಾರುಗಳ ಸಂಗ್ರಹವಿದೆಯಂತೆ. ಬಾಗಿಲು ಮುಚ್ಚಿದ ರೀತಿಯಲ್ಲೇ ಇವರು ಒಳ್ಳೆಯವರು ಎಂದು ನೀವೂ ಒಪ್ಪುತ್ತಿದ್ದಿರಿ. ಮುಂದಿನ ಎಡಟೈರಿನ ಮೇಲೆ ಕೈಯಾಡಿಸಿ, ಇದೊಂದೇ ಹೊರಅಂಚಿನಲ್ಲಿ ಹೀಗೇಕೆ ಸವೆದಿದೆ ಎಂದು ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು.

ರಸ್ತೆಯಲ್ಲಿ ಓಡಿಸಿ ನೋಡಬೇಕು ಎಂದರು. ಅಳಿಯಂದಿರು ಕಾಗದಪತ್ರ ಸರಿಮಾಡಿಸಿದ್ದರು, ಆದರೆ ಗಾಡಿಯನ್ನು ಜ್ಯಾಕಿನಿಂದ ಇಳಿಸಿದ್ದು ಕಂಡು ಭಾನುವಾರವೆಂದೇ ಬಂದು ಕೂತಿದ್ದ ಅಮ್ಮಾವ್ರು ಸೀಟು ಬಿಟ್ಟು ಏಳಲಿಲ್ಲ. ಅವರನ್ನು ಹಿಂದೆ, ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಗೇಟು ದಾಟಿದೆ. ಅಷ್ಟುದ್ದದ ಗಾಡಿ ರಸ್ತೆಗೆ ಬಿದ್ದದ್ದೇ ತಡ, ಹಗುರಾಗಿ ತೇಲಿತು. ಮುಂದೆ ರಸ್ತೆ ನೇರ ಊರಾಚೆಗೆ ಹೋಗುತ್ತಿತ್ತು. ನೇರ ಹೋಗಬೇಕೆಂದೇ ಇದ್ದೆ. ಮೊದಲ ತಿರುವು ಬಂತು, ಕೈ ತಾನಾಗಿ ಬಲಕ್ಕೆ ತಿರುಗಿಸಿತು. ಮತ್ತೊಂದು ತಿರುವು, ಮತ್ತೆ ಬಲಕ್ಕೆ. ಸ್ವಲ್ಪ ಹೊತ್ತಿನಲ್ಲಿ ನಮ್ಮ ಗೇಟಿನ ಮುಂದೆಯೇ ನಿಂತಿದ್ದೆ. ಗಿರಾಕಿ, ಒಳ್ಳೆಯ ಅಡ್ಡದಾರಿ ಗೊತ್ತಿದೆ ನಿಮಗೆ ಎಂದು ಮೆಚ್ಚಿಕೊಂಡರು. "ಇಷ್ಟು ಬೇಗ ಬಂದ್ಬಿಟ್ವಾ?" ಎಂದರು ಅಮ್ಮಾವ್ರು. ಸ್ಟೀರಿಂಗಿನ ಮೇಲಿದ್ದ ನನ್ನ ಕೈಗಳನ್ನು ನೋಡಿಕೊಂಡು ಹೆದರಿದೆ. ಇವು ಇನ್ನು ಯಾವ ದಾರಿಗೂ ಒಗ್ಗುವುದಿಲ್ಲವೇನೋ ಅನ್ನಿಸಿತು.

ವ್ಯಾಪಾರ ಕುದುರಿತು. ಬುಧವಾರ ಕಾರು ಹೋಗುತ್ತದೆ. ಅಮ್ಮಾವ್ರು ಮಗಳ ಮನೆಗೆ. ಗಿರಾಕಿಯದ್ದು ಒಂದೇ ಷರತ್ತು: ಈ ಗಾಡಿಯ ಗುಣ ಬಲ್ಲವರು ಜೊತೆಗೆ ಬಂದು ಅಲ್ಲೇ ಇರಬೇಕು, ಇರಲು ಮನೆ ಕೊಡುತ್ತಾರೆ, ಅದೂ ಶೆಡ್ಡಿನ ಪಕ್ಕದಲ್ಲೇ. "ಅದಕ್ಕೇನಂತೆ, ಇವ್ರನ್ನೇ ಕರ್ಕೊಂಡು ಹೋಗಿ" ಎಂದರು ಅಳಿಯ, ನನ್ನ ಕಡೆ ನೋಡದೆ. ಸ್ಟೆಪ್ನಿ, ಜ್ಯಾಕು, ಸ್ಪ್ಯಾನರ್ ಚೀಲ, ಆಮೇಲೆ ನಾನು. ನಾನು ಒಪ್ಪಿದ್ದೇನೆಂದೇ ಎಲ್ಲರೂ ತಿಳಿದಿದ್ದಾರೆ.

ಇವತ್ತಿನ ಸುತ್ತೂ ಮುಗಿಯಿತು. ಇಳಿಯುವಾಗ ಅಮ್ಮಾವ್ರು ನನ್ನ ಮೊಣಕೈ ಹಿಡಿದು, "ಮುಂದಿನ ವಾರ ಸ್ವಲ್ಪ ಬೇಗ ಬಾರಪ್ಪಾ" ಎಂದರು. ಹೂಂ ಎಂದೆ. ಇನ್ನೇನು ಹೇಳಲಿ? ಊಟ ಸರಿಯಾಗಿ ಮಾಡಿ. ಅಂಗಿಗೆ ಗ್ರೀಸ್ ಮೆತ್ತಿಕೊಂಡೇ ಮಲಗಬೇಡಿ.

ಇಂತಿ,
ಟಾರ್ಚ್ ಹಿಡಿಯುತ್ತಲೇ ಇರುವ
ನಿಮ್ಮಾಕೆ

ತಾ.ಕ.: ನಿನ್ನೆ ನಾನೇ ಗಿರಾಕಿಗೆ ಫೋನ್ ಮಾಡಿದ್ದೆ. ಈ ಗಾಡಿಯ ಒಂದೊಂದು ಬೋಲ್ಟನ್ನೂ ಬಿಚ್ಚಿ ಕೂಡಿಸಿದವರು ನನ್ನ ಗಂಡ, ಕರೆದುಕೊಂಡು ಹೋಗುವುದಾದರೆ ಅವರನ್ನು ಎಂದೆ. ಬಹಳ ಸಂತೋಷಪಟ್ಟರು. ಬುಧವಾರ ಕಾರಿನಲ್ಲೇ ನಿಮ್ಮ ವರ್ಕ್‌ಶಾಪಿಗೆ ಬರುತ್ತಾರೆ. ಬೇಡ ಅನ್ನುವುದಾದರೆ ಎಂಜಿನ್ನಿನ ಸದ್ದು ಕಿವಿಗೆ ಬೀಳುವ ಮೊದಲೇ ಅಂದುಬಿಡಿ, ಆಮೇಲೆ ನಿಮ್ಮಿಂದ ಆಗುವುದಿಲ್ಲ. ನಿಮ್ಮ ಬೀದಿಯ ಕಾಲೇಜಿಗೆ ನಾನು ಅರ್ಜಿ ಹಾಕಿದ್ದು ನಿಮಗೆ ಬರೆದಿರಲಿಲ್ಲ. ಕೆಲಸ ಸಿಕ್ಕಿದೆ, ಮುಂದಿನ ಸೋಮವಾರದಿಂದ ತರಗತಿ. ಹೊರಡುವಾಗ ಆ ಮನೆಯ ಬೀಗದ ಕೈ ನನಗಾಗಿ ಎದುರುಮನೆಯವರ ಹತ್ತಿರ ಕೊಟ್ಟು ಹೋಗಿ.