ಕಂಡಕ್ಟರನನ್ನು ಬಿಟ್ಟು ಸರಿಯಾದ ಸಮಯಕ್ಕೆ ಹೊರಟ ಬಸ್ಸು

ಸ್ವಿಟ್ಜರ್ಲೆಂಡಿಗೆ ಹೋಗಿ ಕ್ಷೇಮವಾಗಿ ಮರಳಿದ ಮಾನ್ಯ ಬಸ್ ಘಟಕದ ವ್ಯವಸ್ಥಾಪಕರೇ,

ಭೀಮನಬೀಡಿನಿಂದ ಗುಂಡ್ಲುಪೇಟೆ ಮಾರ್ಗವಾಗಿ ಚಾಮರಾಜನಗರಕ್ಕೆ ಹೋಗುವ ಏಳು ಹತ್ತರ ಬಸ್ಸಿನ ಕಂಡಕ್ಟರ್ ಚಂದ್ರಕುಮಾರನನ್ನು, 'ಕರ್ತವ್ಯದ ವೇಳೆ ಬಸ್ಸಿನಲ್ಲಿ ಇರಲಿಲ್ಲ' ಎಂಬ ಕಾರಣಕ್ಕೆ ತಾವು ಅಮಾನತು ಮಾಡಿ ಇಂದಿಗೆ ಮೂರು ವಾರ. ಅವನು ಬಸ್ಸಿನಲ್ಲಿ ಇರಲಿಲ್ಲ ಎಂಬುದೇನೋ ನಿಜ. ಬಸ್ಸೇ ಅವನನ್ನು ಬಿಟ್ಟು ಹೋಗಿದ್ದರೆ ಅವನು ಅದರೊಳಗೆ ಇರುವುದಾದರೂ ಹೇಗೆ? ಚಾಮರಾಜನಗರದಲ್ಲಿ ಗುಮಾಸ್ತನಾಗಿರುವ ನಾನು ಅಂದು ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದೆ. ಆದ್ದರಿಂದ ಈ ಪತ್ರ.

ಎಂಟು ದಿನದ ಅಧ್ಯಯನ ಪ್ರವಾಸದಿಂದ ಬಂದವರೇ ತಾವು ನಿಲ್ದಾಣದಲ್ಲಿ ದೊಡ್ಡದೊಂದು ಫ್ಲೆಕ್ಸ್ ಕಟ್ಟಿಸಿದಿರಿ. ಎಡಗಡೆ ಸ್ವಿಟ್ಜರ್ಲೆಂಡ್, ಬಲಗಡೆ ಭಾರತ, ಮೇಲೆ 'ಜೀವನ ಗುಣಮಟ್ಟ: ಒಂದು ತುಲನೆ' ಎಂಬ ತಲೆಬರಹ. ಅಲ್ಲಿ ಬಸ್ಸು ಅರ್ಧ ನಿಮಿಷವೂ ತಡವಾಗುವುದಿಲ್ಲ. ಅಲ್ಲಿ ಬಸ್ಸಿನೊಳಗೆ ಸೂಜಿ ಬಿದ್ದರೂ ಕೇಳಿಸುತ್ತದೆ, ಇಲ್ಲಿ ಕೊಡಪಾನ ಬಿದ್ದರೂ ಕೇಳಿಸುವುದಿಲ್ಲ. ದಿನಾ ಅದನ್ನು ಓದಿ ಓದಿ ನನಗೂ ನಮ್ಮೂರಿನ ಬಗ್ಗೆ ನಾಚಿಕೆ ಶುರುವಾಯಿತು. ಒಂದು ದಿನ ಉಪ್ಪಿಟ್ಟು ತಡವಾದಾಗ, ಸ್ವಿಟ್ಜರ್ಲೆಂಡಿನಲ್ಲಿ ಹೀಗೆಲ್ಲ ಆಗುತ್ತದೆಯೇ ಎಂದು ಹೆಂಡತಿಯನ್ನು ಕೇಳಿದೆ. "ಅಲ್ಗೇ ಓಗಿ ತಿನ್ಕಳಿ" ಎಂದಳು.

ಆಮೇಲೆ ಬಂತು ತಮ್ಮ ಆದೇಶ: ಬಸ್ಸು ನಿಗದಿತ ನಿಮಿಷಕ್ಕೆ ಹೊರಡತಕ್ಕದ್ದು, ಯಾರಿಗಾಗಿಯೂ ಕಾಯತಕ್ಕದ್ದಲ್ಲ. ಗುಂಡ್ಲುಪೇಟೆ ಕಡೆಯ ಮದ್ದೂರು ಕಾಡಿನ ರಸ್ತೆಯ ಬಸ್ಸುಗಳಿಗೂ ಇದು ಅನ್ವಯವಂತೆ. ಒಂದು ಪ್ರತಿಯನ್ನು ಆನೆಗಳಿಗೆ ಕಳಿಸಿದ್ದೀರಾ? ರಸ್ತೆಗೆ ಅಡ್ಡ ನಿಂತ ಸಲಗಕ್ಕೆ ಡ್ರೈವರು ಗಡಿಯಾರ ತೋರಿಸಬೇಕೋ, ತಮ್ಮ ಸಹಿ ತೋರಿಸಬೇಕೋ, ದಯವಿಟ್ಟು ಸ್ಪಷ್ಟಪಡಿಸಿ.

ಇನ್ನು ಆ ದಿನದ ಸಂಗತಿ. ನಮ್ಮೂರಿನ ಗುರುಮಲ್ಲಮ್ಮನವರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ಮಡಚಲು ಬರುವುದಿಲ್ಲ. ದಿನಾ ಬೆಳಿಗ್ಗೆ ಚೆಂಡುಹೂವಿನ ಕುಕ್ಕೆ ಹೊತ್ತು ಗುಂಡ್ಲುಪೇಟೆಗೆ ಮಾರಲು ಹೋಗುತ್ತಾರೆ. ಅವರು ಬೀದಿಯ ತಿರುವಿನಲ್ಲಿ ಕಂಡರೆ ಬಸ್ಸು ಕಾಯುವುದು, ಕಂಡಕ್ಟರ್ ಇಳಿದು ಹೋಗಿ ಕುಕ್ಕೆ ಇಸಿದುಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಎರಡು ನಿಮಿಷದ ಕೆಲಸ. ಅಂದು ಏಳು ಒಂಬತ್ತಕ್ಕೆ ಅವರು ಕಂಡರು. ಚಂದ್ರಕುಮಾರ ಇಳಿದು ಓಡಿದ.

"ವಸಿ ತಡ್ಕಳಪ್ಪ, ಬಂದೆ" ಎಂದರು ಗುರುಮಲ್ಲಮ್ಮ.

"ನಿಧಾನಕ್ಕೆ ಬಾ ಅವ್ವ, ಬಸ್ಸು ಎಲ್ಗೂ ಓಗಲ್ಲ" ಎಂದ ಚಂದ್ರಕುಮಾರ.

ಅಷ್ಟರಲ್ಲಿ ಏಳು ಹತ್ತಾಯಿತು. ಬಸ್ಸಿನೊಳಗೆ ಯಾರೋ 'ರೈಟ್' ಎಂದರು. ತಡ ಮಾಡಿದ್ದಕ್ಕೆ ತಮ್ಮಿಂದ ಅದಾಗಲೇ ಎರಡು ನೋಟಿಸು ಪಡೆದಿದ್ದ ಡ್ರೈವರ್ ಮಾದೇಶ್, ಹಿಂದೆ ತಿರುಗಿ ನೋಡದೆ ಗೇರು ಹಾಕಿದ. ಕಂಡಕ್ಟರ್ ಮುಂದಿದ್ದಾನೆಂದು ಹಿಂದಿನವರೂ, ಹಿಂದಿದ್ದಾನೆಂದು ಮುಂದಿನವರೂ ತಿಳಿದು, ನಲವತ್ತು ಜನ ಟಿಕೆಟ್ಟಿಲ್ಲದೆ ಗುಂಡ್ಲುಪೇಟೆ ತಲುಪಿದೆವು. ಅಲ್ಲಿ ಮಾದೇಶ್ ಸೀಟಿನ ಕೆಳಗೂ ಬಗ್ಗಿ ನೋಡಿದ.

"ಎಲ್ಲಿ ಸಾ, ನಮ್ ಕಂಡಕ್ಟ್ರು?"

"ಸಿಜರ್ಲೆಂಡ್‌ಗೆ ಓಗವ್ನೆ, ಬುಡ್ಲಾ" ಎಂದರು ಹಿಂದಿನ ಸೀಟಿನ ಪುಟ್ಟಮಲ್ಲಪ್ಪ.

ಇಪ್ಪತ್ತು ನಿಮಿಷದ ಮೇಲೆ ಚಂದ್ರಕುಮಾರ ಗೂಡ್ಸ್ ಆಟೋದಲ್ಲಿ, ಎಲೆಕೋಸಿನ ಮೂಟೆಗಳ ಮೇಲೆ ಕೂತು ಬಂದ. ಹೆಗಲಲ್ಲಿ ಟಿಕೆಟ್ ಮಿಷನ್ನು, ತೊಡೆಯ ಮೇಲೆ ಹೂವಿನ ಕುಕ್ಕೆ, ಮುಂದೆ ಡ್ರೈವರನ ಪಕ್ಕದಲ್ಲಿ ಗುರುಮಲ್ಲಮ್ಮ. ಅಂದು ಬಸ್ಸು ಗುಂಡ್ಲುಪೇಟೆಗೆ ಕರಾರುವಾಕ್ಕಾಗಿ ತಲುಪಿತೆಂದು ತಮ್ಮ ದಾಖಲೆಯಲ್ಲಿ ಇದೆಯಂತೆ. ಅಭಿನಂದನೆಗಳು.

ತಮ್ಮ ತುಲನೆಯಲ್ಲಿ ಕೆಲವು ಅಂಶ ಬಿಟ್ಟುಹೋಗಿವೆ. ಅಲ್ಲಿ ಎಂಟು ದಿನ ಬಸ್ಸಿನಲ್ಲಿ ಓಡಾಡಿದಿರಲ್ಲ, ಊಟ ಆಯಿತೇ ಎಂದು ಯಾರಾದರೂ ಕೇಳಿದರೇ? ಇಲ್ಲಿ ತೆರಕಣಾಂಬಿ ಬರುವುದರೊಳಗೆ ಪಕ್ಕದವರು ನಮ್ಮ ಸಕ್ಕರೆ ಕಾಯಿಲೆಗೆ ಮೂರು ಮದ್ದು ಹೇಳಿ, ಮಗನ ಜಾತಕವನ್ನೂ ಕೇಳಿರುತ್ತಾರೆ. ಇದು ಸುಖವೋ ಹಿಂಸೆಯೋ ನನಗಿನ್ನೂ ತೀರ್ಮಾನವಾಗಿಲ್ಲ. ಅವರ ರಸ್ತೆ, ಆಸ್ಪತ್ರೆ, ಶೌಚಾಲಯ ನಮಗೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತರಲು ಅಷ್ಟೊಂದು ಇರುವಾಗ ತಾವು ತಂದದ್ದು ಗಡಿಯಾರ ಮಾತ್ರ. ಕಾಲು ನೋವಿನವರು ಹತ್ತಲೆಂದು ಅಲ್ಲಿ ಬಸ್ಸೇ ನೆಲದ ಕಡೆಗೆ ಬಾಗುತ್ತದೆ ಎಂದು ತಮ್ಮ ಫ್ಲೆಕ್ಸಿನ ಮೂಲೆಯಲ್ಲೇ ಬರೆದಿದೆ. ನಮ್ಮ ಬಸ್ಸು ಬಾಗುವುದಿಲ್ಲ, ಕಂಡಕ್ಟರ್ ಬಾಗುತ್ತಾನೆ. ಅವನನ್ನು ತಾವು ಮನೆಗೆ ಕಳಿಸಿದ್ದೀರಿ.

ಚಂದ್ರಕುಮಾರ ಈಗ ಚಂದಕವಾಡಿಯ ಮನೆಯಲ್ಲಿದ್ದಾನೆ. ರಜೆ ಹಾಕಿದ್ದೇನೆಂದು ತಾಯಿಗೆ ಹೇಳಿದ್ದಾನಂತೆ. ಮೂರು ವಾರದ ರಜೆಯನ್ನು ನಂಬುವಷ್ಟು ಮುಗ್ಧೆಯೇನೂ ಅಲ್ಲ ಆಕೆ. ಮೊನ್ನೆ ಹೋಗಿದ್ದೆ. ಕಾಫಿ ಕೊಟ್ಟು, "ಅವತ್ತು ರೈಟ್ ಅಂದೋರು ಯಾರು ಅಂತ ಗೊತ್ತಾಯ್ತಾ ಸಾ?" ಎಂದು ಕೇಳಿದ. ಗೊತ್ತಿಲ್ಲ ಎಂದು ಹೇಳಿ ಎದ್ದು ಬಂದೆ.

ಅದು ಸುಳ್ಳು. ರೈಟ್ ಎಂದವನು ನಾನೇ. ಕೈಗಡಿಯಾರ ನೋಡುತ್ತ ಕೂತಿದ್ದೆ, ಏಳು ಹತ್ತಾಯಿತು, ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಅವನು ಕುಕ್ಕೆ ಹಿಡಿದು ಓಡಿ ಬರುವುದು ಕಿಟಕಿಯಲ್ಲಿ ಕಂಡಿತು. ಆಗಲಾದರೂ 'ಹೋಲ್ಡಾನ್' ಎನ್ನಬಹುದಿತ್ತು, ಎನ್ನಲಿಲ್ಲ. ಸರಿಯಾದ ಸಮಯಕ್ಕೆ ಹೊರಟ ಬಸ್ಸಿನಲ್ಲಿ ಕೂತಿದ್ದೇನೆಂಬ ಜಂಬವಿತ್ತು. ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆದ್ದರಿಂದ ಚಂದ್ರಕುಮಾರನ ಅಮಾನತನ್ನು ಸೋಮವಾರದೊಳಗೆ ರದ್ದು ಮಾಡಿ. ಏಳು ಹತ್ತನ್ನು ಏಳು ಹನ್ನೆರಡು ಮಾಡಿ. ಯಾರನ್ನಾದರೂ ಶಿಕ್ಷಿಸಲೇಬೇಕೆಂದಿದ್ದರೆ ನೋಟಿಸನ್ನು ನನ್ನ ವಿಳಾಸಕ್ಕೆ ಕಳಿಸಿ. ಈ ಪತ್ರದ ಮೊದಲ ಪ್ರತಿ ನಿನ್ನೆಯೇ ಚಂದಕವಾಡಿಗೆ ಹೋಗಿದೆ. ತಮಗೆ ತಲುಪುವ ಹೊತ್ತಿಗೆ ಅವನು ಓದಿರುತ್ತಾನೆ.

ಇಂತಿ,
ಯಾರೂ ಕೇಳದೆ ರೈಟ್ ಹೇಳಿ, ಈಗ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂರುವ
ಸೋಮಶೇಖರ್
ಭೀಮನಬೀಡು