ಲೀಕ್ ಎಂಬ ಮಾತು

ಸಾಗರ, ೭ ಮಾರ್ಚ್ ೧೯೮೯

ನಾದಿನಿ ಶರಾವತಿ ಬದುಕಿದಳು, ನಿಜವಾಗಿ ಬದುಕಿದಳು. ಬೆಂಗಳೂರಿನ ಆಸ್ಪತ್ರೆಯಿಂದ ನನ್ನವರು ಫೋನ್ ಮಾಡಿದ್ದರು. ಎದೆ ಕೊಯ್ಯದೆ, ತೊಡೆಯಿಂದ ಸಣ್ಣ ಕೊಳವೆ ತೂರಿಸಿ, ಬಲೂನು ಉಬ್ಬಿಸಿ, ಹೃದಯದ ಬಿಗಿದ ವಾಲ್ವ್ ತೆರೆದರಂತೆ. ‘ಸ್ವಲ್ಪ ಲೀಕ್ ಉಳಿದಿದೆ’ ಎಂದರು. ನಾನು ಪೆದ್ದಿ, ಅತ್ತೆಗೆ ‘ಹೃದಯ ಸೋರುತ್ತಿದೆ’ ಅಂದುಬಿಟ್ಟೆ. ಅತ್ತೆ ಕುಸಿದು ಕೂತರು.

‘ಸೋರಿದ ರಕ್ತ ಎಲ್ಲಿಗೆ ಹೋಗ್ತದೆ ಮಾರಾಯ್ತಿ? ಹೊಟ್ಟೇಲಿ ತುಂಬ್ಕೊಳ್ತದಾ?’

‘ಇಲ್ಲ ಅತ್ತೆ, ವಾಲ್ವ್ ಸರಿ ಮುಚ್ಚದೆ ಒಂಚೂರು ಹಿಂದಕ್ಕೆ ಹೋಗ್ತದೆ, ಹೃದಯದೊಳಗೇ.’

‘ಹಂಗಂತ ಮೊದ್ಲೇ ಹೇಳ್ಬಾರ್ದಾ? ಇಂಗ್ಲಿಷ್ ಓದಿ ಏನ್ ಬಂತು?’

ಬೈದು, ಅತ್ತು, ದೇವರಿಗೆ ದೀಪ ಹಚ್ಚಿದರು. ಆ ಲೀಕ್ ಮುಂದೆ ಹೆಚ್ಚುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲವಂತೆ. ಅದನ್ನು ಹೇಳಲು ನನಗೆ ಕನ್ನಡ ಸಿಗಲಿಲ್ಲ, ಇಂಗ್ಲಿಷೂ ಸಿಗಲಿಲ್ಲ. ಶರಾವತಿ ಶುಕ್ರವಾರ ಬರುತ್ತಾಳೆ, ತಾಳಗುಪ್ಪದ ರೈಲಿನಲ್ಲಿ.