ಟಿಕ್‌ಟಿಕ್ ಇರುವ ಪ್ರತಿ

ಗಡಿಯಾರ ಹವ್ಯಾಸಿಗಳ ವಿಡಿಯೊ ತಾಣ ನಡೆಸುವ ಅಣ್ಣನವರಿಗೆ,

ದಿನವಿಡೀ ಒಂದೇ ವಿಡಿಯೊ ಓಡಿಸಿ ತಾಣಕ್ಕೆ ಉಸಿರು ಕಟ್ಟಿಸಿದ್ದು ನಾವೇ. ನೀವು ಬೈದು ಬಾಗಿಲು ಹಾಕಬಹುದಿತ್ತು. ಅದರ ಬದಲು, ಬರೀ ಟಿಕ್‌ಟಿಕ್ ತಾನೇ ಎಂದು ಶಬ್ದ ತೆಗೆದು, ನಮ್ಮಲ್ಲೇ ಇಟ್ಟುಕೊಳ್ಳಲು ಹಗುರವಾದ ಪ್ರತಿಯೊಂದನ್ನು ಕಳಿಸಿದಿರಿ. ನಿಮ್ಮ ಹೊಟ್ಟೆ ತಣ್ಣಗಿರಲಿ.

ಅದರಲ್ಲಿ ರಿಪೇರಿ ಮಾಡುತ್ತಿರುವುದು ನಮ್ಮಪ್ಪ. ಮೊದಲಿನ ವಿಡಿಯೊ ಹಾಕಿದಾಗಲೆಲ್ಲ, "ಕುಂಟ್ತಿದೆ ಕಣೇ, ಲೋಲಕ ಸ್ವಲ್ಪ ಸರಿಸ್ಬೇಕು" ಎನ್ನುತ್ತಿದ್ದರು, ಸರಿಹೋದೊಡನೆ ನಗುತ್ತಿದ್ದರು. ನಿಮ್ಮ ಪ್ರತಿ ಹಾಕಿದರೆ, "ನಿಂತೋಯ್ತೇನೇ?" ಎಂದು ಕೇಳುತ್ತಾರೆ.

ತಪ್ಪು ತಿಳಿಯದಿದ್ದರೆ ಒಂದು ಮಾತು. ಶಬ್ದ ವಾಪಸ್ ಹಾಕಿ, ಚಿತ್ರವನ್ನೇ ತೆಗೆದುಬಿಡಿ, ಇನ್ನೂ ಹಗುರಾಗುತ್ತದೆ. ಅಪ್ಪನಿಗೆ ಕಣ್ಣು ಹೋಗಿ ಎರಡು ವರ್ಷವಾಯಿತು.

ನಿಮ್ಮ ಋಣದಲ್ಲಿರುವ,
ಗಡಿಯಾರದಂಗಡಿಯ ಮಗಳು